486 ಗೆರೆಯ ಮಾಯಾಲೋಕ: ಹಳೇ ವಿಆರ್ ಆ್ಯಕ್ಷನ್ ಸಿನಿಮಾ ಒಂದರ ರಿಪೇರಿ

1990ರ ದಶಕದ ಮೊದಲರ್ಧದಲ್ಲಿ ಅಮೆರಿಕದಲ್ಲಿ ವಿಆರ್ (ವರ್ಚುವಲ್ ರಿಯಾಲಿಟಿ, ಅಂದರೆ ಕಂಪ್ಯೂಟರ್ ಕಟ್ಟಿದ ಲೋಕ) ಸುತ್ತ ಹೆಣೆದ ಒಂದು ಜಾತಿಯ ಸಿನಿಮಾಗಳು ಸಿಕ್ಕಾಪಟ್ಟೆ ಬಂದವು. ನಾಯಕ ತಲೆಗೆ ದಪ್ಪನೆಯ ಹೆಲ್ಮೆಟ್ ಹಾಕಿಕೊಳ್ಳುತ್ತಾನೆ. ಕೈಗೆ ತಂತಿ ಜೋತಾಡುವ ಗ್ಲೌಸು. ಮುಂದಿನ ಶಾಟ್‌ನಲ್ಲಿ ನೀಲಿ ಚೌಕುಳಿ ನೆಲದ ಮೇಲೆ ಯಾರನ್ನೋ ಒದೆಯುತ್ತಿರುತ್ತಾನೆ. ಬ್ರಿಟನ್ನಿನ 'ವರ್ಚುವಾಲಿಟಿ' ಎನ್ನುವ ವಿಆರ್ ಆಟದ ಯಂತ್ರಗಳು 1991ರಲ್ಲಿ ಗೇಮ್ ಪಾರ್ಲರ್‌ಗಳಿಗೆ ಬಂದವು. 1992ರಲ್ಲಿ ವಿಆರ್ ಕಥೆಯ 'ದಿ ಲಾನ್‌ಮೂವರ್ ಮ್ಯಾನ್' ಸಿನಿಮಾ ಥಿಯೇಟರಿಗೆ ಬಂತು. ಅಷ್ಟು ಸಾಕಾಯಿತು, ಕಡಿಮೆ ದುಡ್ಡಿನ ನಿರ್ಮಾಪಕರೆಲ್ಲ ಅದೇ ಹೆಲ್ಮೆಟ್ ಹಿಡಿದುಕೊಂಡು ಹೊರಟರು. ಇವುಗಳಲ್ಲಿ ಎಷ್ಟೋ ಸಿನಿಮಾ ಥಿಯೇಟರಿನ ಮುಖವನ್ನೇ ನೋಡಲಿಲ್ಲ. ನೇರವಾಗಿ ವಿಎಚ್‌ಎಸ್ ಕ್ಯಾಸೆಟ್ಟಾಗಿ ಬಾಡಿಗೆ ಅಂಗಡಿ ಸೇರಿದವು.

ಅಂಥದ್ದೇ ಒಂದನ್ನು ಈಗ ಬ್ಲೂ-ರೇ ಡಿಸ್ಕಿಗೆ ತಯಾರು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಡಿಸ್ಕ್ ಇನ್ನೂ ಘೋಷಣೆಯಾಗಿಲ್ಲ, ಹಾಗಾಗಿ ಹೆಸರು ಹೇಳುವ ಹಾಗಿಲ್ಲ. ಸಿನಿಮಾ ಅಮೆರಿಕದ್ದು, ಡಿಸ್ಕ್ ಹೊರತರುವವರೂ ಅಲ್ಲಿಯವರೇ, ಸ್ಕ್ಯಾನ್ ಆಗಿದ್ದು ಲಾಸ್ ಏಂಜಲೀಸ್‌ನಲ್ಲಿ. ಫ್ರೇಮ್ ಫ್ರೇಮ್ ಕೂತು ತೊಳೆಯುವ ಭಾಗ ಮಾತ್ರ ಬೆಂಗಳೂರಿನ ನನ್ನ ರೂಮಿನಲ್ಲಿ. ಇದರಲ್ಲಿ ಹೊಸತೇನಿಲ್ಲ. ಚೆನ್ನೈನ ಪ್ರಸಾದ್‌ನಂಥ ಸಂಸ್ಥೆಗಳು ಹೊರದೇಶದ ಸಿನಿಮಾಗಳ ಧೂಳು, ಗೀರು ತೆಗೆಯುವ ಕೆಲಸವನ್ನು ಬಹಳ ವರ್ಷಗಳಿಂದ ಮಾಡುತ್ತಿವೆ. ನಾನು ಚಿಕ್ಕ ಮಟ್ಟದಲ್ಲಿ ಅದನ್ನೇ ಮಾಡುತ್ತೇನೆ. ಜೊತೆಗೆ ಹಾಸನದ ಒಬ್ಬ ಹುಡುಗ ಇದ್ದಾನೆ, ಪ್ರೋಗ್ರಾಮಿಂಗ್ ಗೊತ್ತಿರುವವನು.

ಈ ಜಾತಿಯ ಸಿನಿಮಾ ರಿಪೇರಿಗೆ ಕೈ ಹಾಕುವವರಿಗೆ ಉಪಯೋಗವಾಗಲಿ ಎಂದು ಕೆಲಸವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಸಾಮಾನ್ಯ ಹಳೇ ಸಿನಿಮಾಗಳಿಗೂ ಇದಕ್ಕೂ ಬಹಳ ವ್ಯತ್ಯಾಸ ಇದೆ.

ಕೈಗೆ ಬಂದದ್ದು ಏನೇನು

ಇಂಥ ಎಷ್ಟೋ ಸಿನಿಮಾಗಳನ್ನು ಶೂಟ್ ಮಾಡಿದ್ದು 35 ಎಂಎಂ ಫಿಲ್ಮಿನಲ್ಲಿ, ಮುಗಿಸಿದ್ದು ವಿಡಿಯೋ ಟೇಪಿನಲ್ಲಿ. ನೆಗೆಟಿವ್ ತೊಳೆದ ಮೇಲೆ ಟೆಲಿಸಿನಿ ಯಂತ್ರಕ್ಕೆ ಹಾಕಿ ಟೇಪಿಗೆ ಇಳಿಸಿಬಿಡುತ್ತಿದ್ದರು. ಆಮೇಲೆ ಎಡಿಟಿಂಗ್, ಗ್ರಾಫಿಕ್ಸ್, ಟೈಟಲ್ ಎಲ್ಲ ಟೇಪಿನ ಮೇಲೆಯೇ. ನೆಗೆಟಿವ್‌ಗೆ ಕತ್ತರಿ ಬೀಳುವುದೇ ಇಲ್ಲ. ಹೇಗಿದ್ದರೂ ನೋಡುವುದು ಮನೆಯ ಟಿವಿಯಲ್ಲಿ, ಫಿಲ್ಮ್ ಪ್ರಿಂಟ್ ಯಾಕೆ ಬೇಕು ಎನ್ನುವ ಲೆಕ್ಕ.

'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್' ಧಾರಾವಾಹಿಯದೂ ಇದೇ ಕಥೆ. 1987ರಿಂದ 1994ರವರೆಗೆ ಅದನ್ನು ಫಿಲ್ಮಿನಲ್ಲಿ ತೆಗೆದು ಟೇಪಿನಲ್ಲಿ ಮುಗಿಸಿದ್ದರು. 2012ರಿಂದ ಬ್ಲೂ-ರೇ ತರುವಾಗ ಮೂಲ ನೆಗೆಟಿವ್ ರೋಲ್‌ಗಳನ್ನು ಹುಡುಕಿ, ಸ್ಕ್ಯಾನ್ ಮಾಡಿ, ಪ್ರತಿ ಎಪಿಸೋಡನ್ನೂ ಮತ್ತೆ ಮೊದಲಿನಿಂದ ಎಡಿಟ್ ಮಾಡಬೇಕಾಯಿತು. ಆದರೆ ಅವರಿಗೆ ಒಂದು ಅನುಕೂಲ ಇತ್ತು. ಬಾಹ್ಯಾಕಾಶ ನೌಕೆಗಳು ಬಹುಪಾಲು ನಿಜವಾದ ಮಾಡೆಲ್‌ಗಳು, ಅವನ್ನೂ ಫಿಲ್ಮಿನಲ್ಲೇ ಶೂಟ್ ಮಾಡಿದ್ದರು. 'ಬ್ಯಾಬಿಲಾನ್ 5'ರಲ್ಲಿ ನೌಕೆಗಳೆಲ್ಲ ಕಂಪ್ಯೂಟರ್ ಗ್ರಾಫಿಕ್ಸ್. ಹಾಗಾಗಿ ಅದರ ಎಚ್‌ಡಿ ಆವೃತ್ತಿ ತಯಾರಾದಾಗ ನಟರ ಶಾಟ್‌ಗಳು ನೆಗೆಟಿವ್‌ನಿಂದ ಬಂದವು, ಗ್ರಾಫಿಕ್ಸ್ ಶಾಟ್‌ಗಳನ್ನು ಹಳೇ ವಿಡಿಯೋದಿಂದಲೇ ದೊಡ್ಡದು ಮಾಡಬೇಕಾಯಿತು. ನಮ್ಮ ಸಿನಿಮಾ ಈ ಎರಡನೇ ಸಾಲಿಗೆ ಸೇರಿದ್ದು.

ನಮಗೆ ಸಿಕ್ಕಿದ್ದು: ಕತ್ತರಿಸದ ಕ್ಯಾಮೆರಾ ನೆಗೆಟಿವ್ ರೋಲ್‌ಗಳು (ಎರಡು ರೋಲ್ ನಾಪತ್ತೆ), ಸಿನಿಮಾದ ಮಾಸ್ಟರ್ ಟೇಪ್, ಅದರದೇ ಇನ್ನೊಂದು ಕಾಪಿ. ಎಡಿಟ್ ಪಟ್ಟಿಯ (ಯಾವ ಶಾಟ್ ಎಲ್ಲಿಂದ ಎಲ್ಲಿಗೆ ಎನ್ನುವ ಪಟ್ಟಿ) ಫ್ಲಾಪಿ ಇಲ್ಲ. ಗ್ರಾಫಿಕ್ಸ್ ಮಾಡಿದವರ ಕಂಪ್ಯೂಟರ್ ಫೈಲ್‌ಗಳಂತೂ ಇಲ್ಲವೇ ಇಲ್ಲ. ಅಂದರೆ ವಿಆರ್ ಲೋಕ ಇರುವುದು ಟೇಪಿನಲ್ಲಿ ಮಾತ್ರ, 486 ಗೆರೆಗಳಲ್ಲಿ. ಹಳೇ ಅಮೆರಿಕನ್ ಟಿವಿ ಚಿತ್ರದ ಎತ್ತರ ಅಷ್ಟೇ ಅಡ್ಡ ಗೆರೆ, ಬ್ಲೂ-ರೇಯಲ್ಲಿ 1080.

ಜೋಡಣೆ

ಮೊದಲು ಎಲ್ಲ ರೋಲ್‌ಗಳ ಸಣ್ಣ ಸೈಜಿನ ಸ್ಕ್ಯಾನ್ ನೆಟ್ ಮೂಲಕ ಬಂತು. ಯಾವ ಶಾಟ್, ಯಾವ ಟೇಕ್, ಎಲ್ಲಿಂದ ಎಲ್ಲಿಗೆ ಎಂದು ನಾವು ಹುಡುಕಿ ಹೇಳಬೇಕು. ಹೇಳಿದಷ್ಟನ್ನೇ ಅಲ್ಲಿ 4ಕೆ ಸ್ಕ್ಯಾನ್ ಮಾಡುತ್ತಾರೆ. ಇದಕ್ಕೆ ಕಾರಣ ಬರೀ ದುಡ್ಡು. 4096×3112 ಅಳತೆಯ 10 ಬಿಟ್ ಡಿಪಿಎಕ್ಸ್ (ಸ್ಕ್ಯಾನ್ ಚಿತ್ರ ಇಡುವ ಫೈಲ್ ಬಗೆ) ಫ್ರೇಮ್ ಒಂದಕ್ಕೆ ಸುಮಾರು 51 ಎಂಬಿ ಜಾಗ ಬೇಕು. 90 ನಿಮಿಷದ ಸಿನಿಮಾ ಅಂದರೆ 1,29,600 ಫ್ರೇಮ್, ಸುಮಾರು 6.6 ಟಿಬಿ. ಬೇಡದ ಟೇಕ್‌ಗಳನ್ನೂ ಸೇರಿಸಿಕೊಂಡರೆ ಹಾರ್ಡ್ ಡ್ರೈವ್ ಖರ್ಚಿಗೇ ಬಜೆಟ್ ಮುಗಿಯುತ್ತದೆ.

ಹುಡುಗ ಒಂದು ಸಣ್ಣ ಪ್ರೋಗ್ರಾಮ್ ಬರೆದ. ಟೇಪಿನ ಫ್ರೇಮನ್ನು ತೀರಾ ಚಿಕ್ಕ ಕಪ್ಪು ಬಿಳುಪು ಚಿತ್ರ ಮಾಡಿಕೊಂಡು, ನೆಗೆಟಿವ್ ಸ್ಕ್ಯಾನಿನ ಎಲ್ಲ ಫ್ರೇಮ್‌ಗಳ ಜೊತೆ ತಾಳೆ ನೋಡುವುದು. ಮಾತಿನ ಸೀನ್‌ಗಳಲ್ಲಿ ಚೆನ್ನಾಗಿ ಕೆಲಸ ಮಾಡಿತು. ಫೈಟ್ ಸೀನ್‌ಗಳಲ್ಲಿ ಟೇಕ್‌ಗಳೆಲ್ಲ ಒಂದೇ ತರ ಇರುವುದರಿಂದ ಕಣ್ಣೇ ಗತಿ. ಖಳನಾಯಕನ ಕೋಟಿನ ಗುಂಡಿ ಯಾವ ಟೇಕಿನಲ್ಲಿ ಹಾಕಿದೆ, ಯಾವುದರಲ್ಲಿ ಬಿಚ್ಚಿದೆ ಎನ್ನುವುದನ್ನೆಲ್ಲ ನೋಡಿ ಗುರುತಿಸಿದೆವು.

ಶಾಟ್ ಸಿಕ್ಕ ಮೇಲೆ ಇನ್ನೊಂದು ತೊಡಕು. ಫಿಲ್ಮ್ ಸೆಕೆಂಡಿಗೆ 24 ಫ್ರೇಮ್. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯ ವಿಡಿಯೋ ಸುಮಾರು 30 ಫ್ರೇಮ್, ಒಂದೊಂದರಲ್ಲೂ ಎರಡೆರಡು ಫೀಲ್ಡ್ (ಒಂದು ಬಿಟ್ಟು ಒಂದು ಗೆರೆ ಇರುವ ಅರ್ಧ ಚಿತ್ರ). ಟೆಲಿಸಿನಿ ಮಾಡುವಾಗ ನಾಲ್ಕು ಫಿಲ್ಮ್ ಫ್ರೇಮನ್ನು ಎರಡು, ಮೂರು, ಎರಡು, ಮೂರು ಫೀಲ್ಡ್‌ಗಳಾಗಿ ಹಂಚಿ ಐದು ವಿಡಿಯೋ ಫ್ರೇಮ್ ಮಾಡುತ್ತಾರೆ. ಇದನ್ನು ತಿರುಗಿಸಿ ಮತ್ತೆ 24ಕ್ಕೆ ತರುವುದು ಸುಲಭ. ಆದರೆ ಎಡಿಟರ್ ಕತ್ತರಿ ಹಾಕಿದ್ದು ವಿಡಿಯೋ ಲೆಕ್ಕದಲ್ಲಿ. 47 ವಿಡಿಯೋ ಫ್ರೇಮಿನ ಶಾಟ್ ಅಂದರೆ 37.6 ಫಿಲ್ಮ್ ಫ್ರೇಮ್. ಆ 0.6 ಎಲ್ಲಿಗೆ ಹೋಗಬೇಕು? ಒಂದು ಶಾಟಿಗೆ 38 ಕೊಟ್ಟರೆ ಪಕ್ಕದ್ದಕ್ಕೆ ಒಂದು ಕಡಿಮೆ ಕೊಡಬೇಕು, ಇಲ್ಲದಿದ್ದರೆ ಮಾತು ತುಟಿ ಬಿಟ್ಟು ಓಡುತ್ತದೆ. ಪಂಚ್ ಬೀಳುವ ಕಟ್‌ಗಳಲ್ಲಿ ನಾನು ಯಾವಾಗಲೂ ಹೊಡೆತದ ಕಡೆಗೆ ಒಂದು ಫ್ರೇಮ್ ಜಾಸ್ತಿ ಕೊಟ್ಟೆ. ಮಾತಿನ ಶಾಟಿನಿಂದ ಒಂದು ಫ್ರೇಮ್ ಕದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಧೂಳು ಮತ್ತು ಕಿಡಿ

ನೆಗೆಟಿವ್ ಮೇಲಿನ ಧೂಳು ಬೆಳಕನ್ನು ತಡೆಯುತ್ತದೆ, ಹಾಗಾಗಿ ಚಿತ್ರದಲ್ಲಿ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಸ್ಕ್ಯಾನ್ ಮಾಡುವಾಗಲೇ ಇನ್‌ಫ್ರಾರೆಡ್ ಬೆಳಕಿನಲ್ಲೂ ಒಂದು ಚಿತ್ರ ತೆಗೆದಿದ್ದರು. ಕಲರ್ ಫಿಲ್ಮಿನ ಬಣ್ಣಗಳನ್ನು ದಾಟಿ ಇನ್‌ಫ್ರಾರೆಡ್ ಹೋಗುತ್ತದೆ, ಧೂಳನ್ನು ದಾಟುವುದಿಲ್ಲ. ಅಂದರೆ ಧೂಳಿನ ನಕ್ಷೆ ರೆಡಿಯಾಗಿ ಕೈಗೆ ಸಿಗುತ್ತದೆ. (ಬೆಳ್ಳಿ ಇರುವ ಕಪ್ಪು ಬಿಳುಪು ಫಿಲ್ಮಿಗೆ ಈ ಉಪಾಯ ನಡೆಯುವುದಿಲ್ಲ, ಬೆಳ್ಳಿಯೇ ಅಡ್ಡ ಬರುತ್ತದೆ.)

ಈ ನಕ್ಷೆ ಇಲ್ಲದೆ ಬರೀ ಸಾಫ್ಟ್‌ವೇರಿನ ಆಟೋಮ್ಯಾಟಿಕ್ ಕ್ಲೀನಿಂಗ್ ನಂಬಿದ್ದರೆ ಈ ಸಿನಿಮಾ ಹಾಳಾಗುತ್ತಿತ್ತು. ಸಾಫ್ಟ್‌ವೇರ್ ಏನು ನೋಡುತ್ತದೆ? ಹಿಂದಿನ ಫ್ರೇಮಿನಲ್ಲಿಲ್ಲ, ಮುಂದಿನದರಲ್ಲಿಲ್ಲ, ಈ ಫ್ರೇಮಿನಲ್ಲಿ ಮಾತ್ರ ಒಂದು ಬಿಳಿ ಚುಕ್ಕೆ ಇದೆ, ಅಂದರೆ ಅದು ಧೂಳು. ಸರಿ, ಲ್ಯಾಬ್ ಸ್ಫೋಟದ ಸೀನಿಗೆ ಬನ್ನಿ. ಸಾಲಾಗಿ ಇಟ್ಟ ಮಾನಿಟರ್‌ಗಳು ಒಂದೊಂದಾಗಿ ಸಿಡಿಯುತ್ತವೆ, ಗಾಜಿನ ಚೂರು, ಕಿಡಿ ಎಲ್ಲ ಕಡೆ. ಪ್ರತಿ ಕಿಡಿಯ ಆಯಸ್ಸೂ ಒಂದು ಫ್ರೇಮ್. ಪರೀಕ್ಷೆಗೆಂದು ಆಟೋ ಹಾಕಿ ನೋಡಿದಾಗ ಕಿಡಿ ಅರ್ಧಕ್ಕರ್ಧ ಮಾಯ. ಮಾನಿಟರ್ ಸಿಡಿಯುತ್ತದೆ, ಬೆಂಕಿ ಮಾತ್ರ ಮರ್ಯಾದೆಯಾಗಿ ಉರಿಯುತ್ತಿರುತ್ತದೆ. ಬಂದೂಕಿನ ಬೆಂಕಿಗೂ ಇದೇ ಗತಿ. ಇಂಥ ಸೀನ್‌ಗಳಲ್ಲಿ ಇನ್‌ಫ್ರಾರೆಡ್ ನಕ್ಷೆ ತೋರಿಸಿದ ಚುಕ್ಕೆಗಳನ್ನು ಮಾತ್ರ ತೆಗೆದು, ಉಳಿದದ್ದನ್ನು ಕೈಯಲ್ಲಿ ಮಾಡಿದೆವು. ಆ್ಯಕ್ಷನ್ ಸಿನಿಮಾ ರಿಪೇರಿಯಲ್ಲಿ ಜಾಸ್ತಿ ಸಮಯ ಹೋಗುವುದು ತೆಗೆಯುವುದಕ್ಕಲ್ಲ, ಏನನ್ನು ತೆಗೆಯಬಾರದು ಎಂದು ಕಾಯುವುದಕ್ಕೆ.

ವಿಆರ್ ಲೋಕ: ಮೊದಲ ಜಗಳ

ಇನ್ನು ಅಸಲಿ ವಿಷಯ. ಸಿನಿಮಾದ ಸುಮಾರು ಮೂರನೇ ಒಂದು ಭಾಗ ವಿಆರ್ ಲೋಕದಲ್ಲಿ ನಡೆಯುತ್ತದೆ. ಡಿಸ್ಕ್ ಕಂಪನಿಯವರ ಆಸೆ ಸರಳ: ಈಗ ಎಐ ಇದೆಯಲ್ಲ, ಅದಕ್ಕೆ ಹಾಕಿ ದೊಡ್ಡದು ಮಾಡಿಬಿಡಿ.

ಬೇಡ ಎಂದು ಬಾಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ಮಾಡಿಯೇ ತೋರಿಸಬೇಕು. ಕೋಟೆಯ ಬಾಗಿಲು ಕಾಯುವ ಒಬ್ಬ ಕಾವಲುಗಾರ ಇದ್ದಾನೆ. ಮುಖ ಅಂದರೆ ಹತ್ತು ಹನ್ನೆರಡು ಚಪ್ಪಟೆ ತ್ರಿಕೋನಗಳು, ಕಣ್ಣು ಎರಡು ಹಳದಿ ಚೌಕ. ಅವನ ಶಾಟನ್ನು ಎಐ ಸಾಫ್ಟ್‌ವೇರಿಗೆ ಹಾಕಿದೆ. ಹುಡುಗ ಸ್ಕ್ರೀನ್ ನೋಡಿ, "ಅಕ್ಕಾ, ಇವನಿಗೆ ಕಣ್ಣಿನ ರೆಪ್ಪೆ ಬಂದಿದೆ ನೋಡಿ" ಎಂದ. ನಿಜ. ಹಳದಿ ಚೌಕದ ಸುತ್ತ ರೆಪ್ಪೆಗೂದಲು. ಕೆನ್ನೆಯ ತ್ರಿಕೋನಕ್ಕೆ ಚರ್ಮದ ರಂಧ್ರ. ಅವನು ತಲೆ ತಿರುಗಿಸಿದಾಗ ರೆಪ್ಪೆ ಮಾಯವಾಗಿ, ಮತ್ತೆ ಬೇರೆ ಜಾಗದಲ್ಲಿ ಹುಟ್ಟುತ್ತದೆ. ನೆಲದ ಗ್ರಿಡ್ ಗೆರೆಗಳು ದೂರ ಹೋದಂತೆ ಬಳುಕಿ ಒಂದಕ್ಕೊಂದು ಅಂಟಿಕೊಂಡಿದ್ದವು.

ಆ ಕ್ಲಿಪ್ ಕಳಿಸಿದ ಮೇಲೆ ಎಐ ಮಾತು ನಿಂತಿತು.

ನನ್ನ ನಿಲುವು ಇಷ್ಟು: ಈ ಭಾಗ ವಿಡಿಯೋ. ಅದು ವಿಡಿಯೋ ತರಾನೇ ಕಾಣಲಿ, ಆದರೆ ಅವತ್ತು ಎಡಿಟಿಂಗ್ ರೂಮಿನ ಒಳ್ಳೇ ಮಾನಿಟರಿನಲ್ಲಿ ಕಂಡಷ್ಟು ಚೆನ್ನಾಗಿ ಕಾಣಲಿ. ಮೂಲೆ ಮೂಲೆಯ ಪಾಲಿಗಾನ್, ಮೆಟ್ಟಿಲು ಮೆಟ್ಟಿಲಾದ ಅಂಚು ಎಲ್ಲ ಸಿನಿಮಾದ್ದೇ ಭಾಗ. ಟೇಪು, ಕಲರ್ ಸಿಗ್ನಲ್, ಫೀಲ್ಡ್‌ಗಳ ಗೊಂದಲ ಇವು ಸಿನಿಮಾದ ಭಾಗವಲ್ಲ, ಸಾಗಿಸಿದ ಗಾಡಿಯ ಧೂಳು. ತೊಳೆಯಬೇಕಾದದ್ದು ಅದನ್ನು.

ಕಾಮನಬಿಲ್ಲು ಬಿಡಿಸಿದ್ದು

ಮಾಸ್ಟರ್ ಇದ್ದದ್ದು ಡಿ2 ಟೇಪಿನಲ್ಲಿ. 1980ರ ದಶಕದ ಕೊನೆಯಲ್ಲಿ ಬಂದ ಡಿಜಿಟಲ್ ಟೇಪು ಇದು. ಡಿಜಿಟಲ್ ಎಂದ ಕೂಡಲೇ ಖುಷಿ ಪಡಬೇಡಿ. ಡಿ2 ಒಳಗೆ ಇರುವುದು ಕಾಂಪೋಸಿಟ್ ಸಿಗ್ನಲ್. ಅಂದರೆ ಬೆಳಕು ಮತ್ತು ಬಣ್ಣ ಒಂದರೊಳಗೊಂದು ಬೆರೆತುಹೋಗಿರುತ್ತವೆ. ಬಣ್ಣ 3.58 ಮೆಗಾಹರ್ಟ್ಸ್ ಅಲೆಯ ಮೇಲೆ ಕೂತು ಬರುತ್ತದೆ. ಚಿತ್ರದಲ್ಲಿ ಒತ್ತೊತ್ತಾಗಿ ತೆಳು ಗೆರೆಗಳಿದ್ದರೆ ಅವೂ ಅದೇ ಅಲೆಯಷ್ಟು ಸಣ್ಣಗೆ ಕುಣಿಯುತ್ತವೆ. ಬೆಳಕು, ಬಣ್ಣ ಬೇರೆ ಮಾಡುವ ಡಿಕೋಡರ್‌ಗೆ ಎರಡರ ವ್ಯತ್ಯಾಸ ಗೊತ್ತಾಗದೆ ಗೆರೆಯನ್ನು ಬಣ್ಣ ಎಂದುಕೊಳ್ಳುತ್ತದೆ. ಚಿತ್ರದ ಮೇಲೆ ಕಾಮನಬಿಲ್ಲು ಹರಿಯುತ್ತದೆ.

1990ರ ದಶಕದ ವಿಆರ್ ಸಿನಿಮಾದಲ್ಲಿ ತೆಳು ಗೆರೆಗಳಿಗೇನು ಬರವೇ? ನೆಲ ಗ್ರಿಡ್, ಆಕಾಶ ಗ್ರಿಡ್, ಬಾಗಿಲು ತೆರೆದರೆ ವೈರ್‌ಫ್ರೇಮ್ (ಬರೀ ಗೆರೆಯಲ್ಲಿ ಬಿಡಿಸಿದ ಆಕಾರ). ಇಡೀ ಲೋಕವೇ ಈ ದೋಷಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಟೇಪ್ ಡೆಕ್ಕಿನ ಒಳಗಿರುವ ಡಿಕೋಡರ್ ಬಿಡಿಸಿಕೊಟ್ಟ ಚಿತ್ರ ಕೆಟ್ಟದಾಗಿತ್ತು. ಹಾಗಾಗಿ ಲಾಸ್ ಏಂಜಲೀಸಿನವರಿಗೆ ಕಾಂಪೋಸಿಟ್ ಸಿಗ್ನಲ್ಲನ್ನು ಬಿಡಿಸದೆ, ಕಚ್ಚಾ ರೂಪದಲ್ಲೇ ಫೈಲ್ ಮಾಡಿ ಕಳಿಸಿ ಎಂದು ಕೇಳಿಕೊಂಡೆ. ಕಳಿಸಿದರು, ಪುಣ್ಯಾತ್ಮರು. ಲೇಸರ್‌ಡಿಸ್ಕ್ ಉಳಿಸುವ ಹವ್ಯಾಸಿಗಳು ಕಟ್ಟಿದ 'ಎಲ್‌ಡಿ-ಡಿಕೋಡ್' ಎನ್ನುವ ಓಪನ್ ಸೋರ್ಸ್ ಸಾಫ್ಟ್‌ವೇರಿನಲ್ಲಿ ಬಣ್ಣ ಬಿಡಿಸುವ ಭಾಗ ಬೇರೆಯಾಗಿಯೇ ಇದೆ. ಫೈಲನ್ನು ಅದಕ್ಕೆ ಹೊಂದುವ ಹಾಗೆ ಮಾಡಿಕೊಂಡು ಅಲ್ಲಿ ಹಾಕಿದೆವು.

ಇಲ್ಲಿ ಒಂದು ಚೆಂದದ ಸಂಗತಿ ಸಿಕ್ಕಿತು. ಎನ್‌ಟಿಎಸ್‌ಸಿಯಲ್ಲಿ ಒಂದು ಗೆರೆಗೆ ಬಣ್ಣದ ಅಲೆ 227.5 ಸುತ್ತು ಬರುತ್ತದೆ. ಒಂದು ಫ್ರೇಮಿಗೆ, ಚಿತ್ರ ಇಲ್ಲದ ಗೆರೆಗಳೂ ಸೇರಿ, 525 ಗೆರೆ. ಗುಣಿಸಿದರೆ 1,19,437.5. ಕೊನೆಯ ಆ ಅರ್ಧ ಸುತ್ತಿನಿಂದಾಗಿ ಪ್ರತಿ ಹೊಸ ಫ್ರೇಮಿನಲ್ಲಿ ಬಣ್ಣದ ಅಲೆ ಉಲ್ಟಾ ಆಗಿ ಶುರುವಾಗುತ್ತದೆ. ಹಾಗಾದರೆ ಒಂದೇ ಚಿತ್ರ ಇರುವ ಎರಡು ಫ್ರೇಮನ್ನು ಕೂಡಿಸಿದರೆ? ಬಣ್ಣದ ಅಲೆ ತನ್ನಷ್ಟಕ್ಕೆ ತಾನೇ ರದ್ದಾಗಿ ಶುದ್ಧ ಬೆಳಕು ಉಳಿಯುತ್ತದೆ. ಕಳೆದರೆ ಶುದ್ಧ ಬಣ್ಣ ಉಳಿಯುತ್ತದೆ. ಗೆರೆ ಎಷ್ಟೇ ತೆಳು ಇರಲಿ, ಕಾಮನಬಿಲ್ಲು ಹುಟ್ಟುವ ಪ್ರಶ್ನೆಯೇ ಇಲ್ಲ.

ಷರತ್ತು ಒಂದೇ. ಎರಡೂ ಫ್ರೇಮಿನಲ್ಲಿ ಚಿತ್ರ ಅಲುಗಾಡದೆ ಒಂದೇ ಇರಬೇಕು. ಸಾಮಾನ್ಯ ವಿಡಿಯೋದಲ್ಲಿ ಕ್ಯಾಮೆರಾ ಸ್ವಲ್ಪ ಸರಿದರೂ ಇದು ಕೆಟ್ಟಿತು. ಆದರೆ ನಮ್ಮ ಗ್ರಾಫಿಕ್ಸ್ ಬಡವರದ್ದು! ಅವತ್ತಿನ ಕಂಪ್ಯೂಟರ್‌ಗಳಲ್ಲಿ ಒಂದೊಂದು ಫ್ರೇಮ್ ತಯಾರಾಗಲು ಬಹಳ ಹೊತ್ತು ಹಿಡಿಯುತ್ತಿತ್ತು. ದುಡ್ಡು, ಸಮಯ ಉಳಿಸಲು ಸೆಕೆಂಡಿಗೆ 30ರ ಬದಲು 15 ಚಿತ್ರ ಮಾತ್ರ ಮಾಡಿ, ಪ್ರತಿಯೊಂದನ್ನೂ ಎರಡು ಫ್ರೇಮ್ ಹಿಡಿದು ಟೇಪಿಗೆ ಹಾಕಿದ್ದರು. ಕುಲುಕು ಕುಲುಕಾಗಿ ಕಾಣುತ್ತದೆ ಎಂದು ಆ ಕಾಲದವರು ಬೈದುಕೊಂಡಿದ್ದೇ ನಮಗೆ ವರವಾಯಿತು. ಗ್ರಾಫಿಕ್ಸ್ ಶಾಟ್‌ಗಳಲ್ಲಿ ಪ್ರತಿ ಜೋಡಿ ಫ್ರೇಮೂ ಅಕ್ಷರಶಃ ಒಂದೇ ಚಿತ್ರ, ಬಣ್ಣದ ಅಲೆ ಮಾತ್ರ ಉಲ್ಟಾ. ಜೋಡಿ ಎಲ್ಲಿ ಶುರುವಾಗುತ್ತದೆ ಎಂದು ಶಾಟ್ ಶಾಟಿಗೂ ನೋಡಿ ಹೇಳಿಕೊಟ್ಟರೆ ಸಾಕು. ಹೇಳಿಕೊಟ್ಟೆವು. ಆಕಾಶದ ಗ್ರಿಡ್ ಮೇಲೆ ಹರಿಯುತ್ತಿದ್ದ ಹಸಿರು ನೇರಳೆ ಪಟ್ಟೆಗಳು ಪೂರ್ತಿ ಹೋದವು. ತೆಳು ಬಿಳಿ ಗೆರೆ ತೆಳು ಬಿಳಿ ಗೆರೆಯಾಗಿಯೇ ನಿಂತಿತು. ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದೇ.

ಅದರ ಜೊತೆಗೆ ಇನ್ನೊಂದು ಲಾಭ. ಎರಡೂ ಫೀಲ್ಡ್ ಒಂದೇ ಚಿತ್ರದಿಂದ ಬಂದದ್ದರಿಂದ ಡೀಇಂಟರ್ಲೇಸ್ ಮಾಡುವ (ಬೇರೆ ಬೇರೆ ಹೊತ್ತಿನ ಫೀಲ್ಡ್‌ಗಳಿಂದ ಪೂರ್ತಿ ಫ್ರೇಮ್ ಕಟ್ಟುವ) ತಂಟೆಯೇ ಇಲ್ಲ. ಸುಮ್ನೆ ಹೆಣೆದರೆ 486 ಗೆರೆಯೂ ಪೂರ್ತಿ ಸಿಗುತ್ತದೆ.

15ರಿಂದ 24ಕ್ಕೆ

ಡಿಸ್ಕಿನಲ್ಲಿ ಸಿನಿಮಾ ಸೆಕೆಂಡಿಗೆ 23.976 ಫ್ರೇಮ್ ಓಡುತ್ತದೆ (ಸುಲಭಕ್ಕೆ 24 ಎನ್ನೋಣ). ನಡುವೆ ವೇಗ ಬದಲಿಸಲು ಆಗುವುದಿಲ್ಲ. ಹಾಗಾಗಿ ಗ್ರಾಫಿಕ್ಸನ್ನೂ 24ರ ಲೆಕ್ಕಕ್ಕೆ ತರಬೇಕು. ಸಾಫ್ಟ್‌ವೇರ್ ನಡುವಿನ ಫ್ರೇಮ್‌ಗಳನ್ನು ತಾನೇ ಕಲ್ಪಿಸಿ ಕೊಡಬಲ್ಲದು. ನನಗದು ಬೇಡ. ಕಲ್ಪಿಸಿದ ಫ್ರೇಮೂ ರೆಪ್ಪೆಗೂದಲೂ ಒಂದೇ ಜಾತಿ.

ಲೆಕ್ಕ ಹಾಕಿದರೆ ದಾರಿ ಇದೆ. ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ಗ್ರಾಫಿಕ್ಸಿನ 5 ಚಿತ್ರ ಬರುತ್ತವೆ, ಫಿಲ್ಮಿನ 8 ಫ್ರೇಮ್ ಬರುತ್ತವೆ. ಐದು ಚಿತ್ರವನ್ನು ಎಂಟು ಜಾಗದಲ್ಲಿ 2, 1, 2, 1, 2 ಎಂದು ಕೂರಿಸಿದರೆ ಆಯಿತು. ಹುಡುಗ ಮೃದಂಗ ಕಲಿತವನು, ಮೇಜಿನ ಮೇಲೆ ಆದಿತಾಳದ ಎಂಟು ಅಕ್ಷರಕ್ಕೆ ಐದು ಪೆಟ್ಟು ಹಂಚಿ ಬಾರಿಸಿ ತೋರಿಸಿದ. ಮೊದಲೇ ಕುಲುಕುವ ಚಿತ್ರ, ಇನ್ನೊಂಚೂರು ಕುಲುಕಿದರೆ ಕಣ್ಣಿಗೆ ತಿಳಿಯುವುದಿಲ್ಲ. ಹೊಸದಾಗಿ ಒಂದು ಚಿತ್ರವನ್ನೂ ಹುಟ್ಟಿಸಲಿಲ್ಲ, ಇದ್ದದ್ದರಲ್ಲಿ ಒಂದನ್ನೂ ಬಿಸಾಡಲಿಲ್ಲ.

ಕಷ್ಟ ಬಂದದ್ದು ಬೆರಕೆ ಶಾಟ್‌ಗಳಲ್ಲಿ. ನಟನನ್ನು ನೀಲಿ ಪರದೆಯ ಮುಂದೆ ಫಿಲ್ಮಿನಲ್ಲಿ ತೆಗೆದು, ಟೇಪಿನ ಮೇಲೆ ಗ್ರಾಫಿಕ್ಸ್ ಜೊತೆ ಕೂಡಿಸಿದ್ದಾರೆ. ಒಂದೇ ಫ್ರೇಮಿನಲ್ಲಿ ನಟನದು 24ರ ನಡೆ, ಹಿನ್ನೆಲೆಯದು 15ರ ನಡೆ. ನಟನ ಲೆಕ್ಕಕ್ಕೆ ಬಿಡಿಸಿದರೆ ಹಿನ್ನೆಲೆ ಎಲ್ಲೆಲ್ಲೋ ಎಡವುತ್ತದೆ. ಹಿನ್ನೆಲೆಯ ಲೆಕ್ಕಕ್ಕೆ ಬಿಡಿಸಿದರೆ ನಟನ ಕೈಕಾಲಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲು ಮೂಡುತ್ತದೆ. ನಟನ ಸುತ್ತ ಮಾಸ್ಕ್ (ಅವನನ್ನು ಹಿನ್ನೆಲೆಯಿಂದ ಬೇರೆ ಮಾಡುವ ಗಡಿ) ಎಳೆದು ಎರಡನ್ನೂ ಬೇರೆ ಬೇರೆ ಬಿಡಿಸಿ ಮತ್ತೆ ಜೋಡಿಸುವುದು ಬಿಟ್ಟು ಬೇರೆ ದಾರಿ ಇಲ್ಲ. ಮಾಸ್ಕ್ ಕೆಲಸ ಬೇಜಾರಿನದು, ಬರೆಯುವುದಕ್ಕೂ ಬೇಜಾರು. ಮುಂದೆ ಹೋಗೋಣ.

ನೀಲಿ ಪರದೆಯ ಮೂಲ ನೆಗೆಟಿವ್ ಇದೆಯಲ್ಲ, ನಟನನ್ನು 4ಕೆಯಲ್ಲಿ ಹೊಸದಾಗಿ ಕತ್ತರಿಸಿ ಹಳೇ ಹಿನ್ನೆಲೆಯ ಮೇಲೆ ಯಾಕೆ ಕೂರಿಸಬಾರದು ಎಂದು ಕಂಪನಿಯವರು ಕೇಳಿದರು. ಒಂದು ಶಾಟ್ ಮಾಡಿ ನೋಡಿದೆ. ನಟನ ಗಡ್ಡದ ಒಂದೊಂದು ಕೂದಲೂ ಕಾಣುತ್ತದೆ, ಹಿಂದೆ ಮೊಸರು ಮೊಸರಾದ ಕೋಟೆ. ಪೋಸ್ಟರಿನ ಮುಂದೆ ನಿಂತಂತೆ ಆಯಿತು. ಕಥೆಯಲ್ಲಿ ಅವನು ಆ ಲೋಕದ ಒಳಗಿದ್ದಾನೆ, ಅಲ್ವಾ? ಅದಕ್ಕೇ ನಟನೂ 486 ಗೆರೆಯಲ್ಲೇ ಇರಲಿ ಎಂದು ಬಿಟ್ಟೆವು.

ಡಿಸಾಲ್ವ್

ಹೆಲ್ಮೆಟ್ ಹಾಕಿದ ಮುಖದಿಂದ ವಿಆರ್ ಲೋಕಕ್ಕೆ ಹೋಗುವಾಗ ಹೆಚ್ಚಿನ ಕಡೆ ನೇರ ಕಟ್. ಫಿಲ್ಮಿನಿಂದ ವಿಡಿಯೋಗೆ ಚಿತ್ರದ ಗುಣವೇ ಬದಲಾಗುತ್ತದೆ, ಕಥೆಗೂ ಅದೇ ಬೇಕು. ಆದರೆ ಕೆಲವು ಕಡೆ ಡಿಸಾಲ್ವ್ ಇದೆ. ಮುಖ ನಿಧಾನ ಕರಗಿ ಗ್ರಿಡ್ ಮೂಡುತ್ತದೆ. ಈ ಬೆರಕೆ ನಡೆದದ್ದು ಟೇಪಿನ ಮೇಲೆ. ಮುಖ 4ಕೆಯಲ್ಲಿ ಸಿಗುತ್ತದೆ, ಡಿಸಾಲ್ವ್ ಅಡಿಯ ಗ್ರಾಫಿಕ್ಸ್ ಮಾತ್ರ ಮುಖದ ಜೊತೆ ಬೆರೆತ ರೂಪದಲ್ಲೇ ಇದೆ. ಬೇರೆಯಾಗಿ ಎಲ್ಲೂ ಇಲ್ಲ.

ಬಿಡಿಸುವ ಅಗತ್ಯವೇ ಇಲ್ಲ ಎನ್ನುವುದು ಕಾಗದದ ಮೇಲೆ ಬರೆದಾಗ ಗೊತ್ತಾಯಿತು. ಟೇಪಿನ ಫ್ರೇಮ್ ಅಂದರೆ ಮುಖದ ಒಂದು ಪಾಲು, ಗ್ರಾಫಿಕ್ಸಿನ ಒಂದು ಪಾಲು. ಆ ಫ್ರೇಮಿನಲ್ಲಿ ಮುಖದ ಪಾಲು ಶೇಕಡಾ 70 ಎಂದುಕೊಳ್ಳಿ. 4ಕೆ ಮುಖಕ್ಕೂ ಟೇಪಿನ ಮಟ್ಟಕ್ಕೆ ಇಳಿಸಿದ ಅದೇ ಮುಖಕ್ಕೂ ಇರುವ ವ್ಯತ್ಯಾಸ ತೆಗೆದುಕೊಂಡು, ಅದರ ಶೇಕಡಾ 70ನ್ನು ಟೇಪಿನ ಫ್ರೇಮಿಗೆ ಕೂಡಿಸಿದರೆ ಆಯಿತು. ಮುಖದ ಪಾಲು ಚೊಕ್ಕಟವಾಗುತ್ತದೆ, ಗ್ರಾಫಿಕ್ಸ್ ಪಾಲು ಇದ್ದ ಹಾಗೇ ಉಳಿಯುತ್ತದೆ. ಒಂದೇ ಎಚ್ಚರಿಕೆ: ಅವತ್ತಿನ ಸ್ವಿಚರ್ (ಎರಡು ಚಿತ್ರ ಬೆರೆಸುವ ಯಂತ್ರ) ಬೆರೆಸಿದ್ದು ವಿಡಿಯೋ ಗಾಮಾದಲ್ಲಿ, ಅಂದರೆ ನಿಜವಾದ ಬೆಳಕಿನ ಲೆಕ್ಕದಲ್ಲಲ್ಲ, ಟಿವಿ ಸಿಗ್ನಲ್ಲಿನ ಲೆಕ್ಕದಲ್ಲಿ. ಈ ಕೂಡುವ ಲೆಕ್ಕವೂ ಅಲ್ಲೇ ಆಗಬೇಕು. ಇವತ್ತಿನ ಸಾಫ್ಟ್‌ವೇರ್‌ಗಳಲ್ಲಿ ಇರುವ, ನಿಜವಾದ ಬೆಳಕಿನ ಲೆಕ್ಕದ 'ಲೀನಿಯರ್ ಲೈಟ್' ಆಯ್ಕೆ ಆನ್ ಆಗಿದ್ದರೆ ಮುಖದ ಸುತ್ತ ಹೊಳೆಯುವ ಅಂಚು ಬರುತ್ತದೆ.

ಬಣ್ಣ, ಅಳತೆ, ಸದ್ದು

ನೆಗೆಟಿವ್ ಸ್ಕ್ಯಾನಿನಲ್ಲಿ ಬಣ್ಣ ಪೇಲವವಾಗಿ ಬರುತ್ತದೆ, ಗ್ರೇಡಿಂಗ್ (ಬಣ್ಣ ಹೊಂದಿಸುವುದು) ಹೊಸದಾಗಿ ಮಾಡಬೇಕು. ದಾರಿ ತೋರಿಸಲು ಮಾಸ್ಟರ್ ಟೇಪ್ ಇದೆ. ಆದರೆ ಅದನ್ನು ಹಳೇ ಟಿವಿಯ ರೆಕ್. 601 ಲೆಕ್ಕ ಮತ್ತು ಎಸ್‌ಎಂಪಿಟಿಇ-ಸಿ ಬಣ್ಣಗಳಲ್ಲಿ ಓದಿಕೊಂಡು, ಆಮೇಲೆ ಎಚ್‌ಡಿಯ ರೆಕ್. 709ಕ್ಕೆ ತರಬೇಕು. ಈ ಹೆಜ್ಜೆ ಬಿಟ್ಟರೆ ಹಸಿರು, ಕೆಂಪು ಎರಡೂ ಸ್ವಲ್ಪ ಸರಿಯುತ್ತವೆ. ವಿಲನ್‌ನ ಆಫೀಸಿನ ಕಡು ನೀಲಿ ಬೆಳಕನ್ನು ಟೇಪಿನಲ್ಲಿದ್ದಷ್ಟೇ ಗಾಢ ಇಟ್ಟೆ. ಇವತ್ತಿನ ಕಿತ್ತಳೆ ನೀಲಿ ಫ್ಯಾಷನ್ ತರುವ ಆಸೆ ನನಗಿಲ್ಲ.

ಅಳತೆಯ ಬಗ್ಗೆ ಎರಡನೇ ಜಗಳ. ಈಗಿನ ಟಿವಿಗಳು ಅಗಲ, ಚಿತ್ರವನ್ನು 16:9ಕ್ಕೆ ಕತ್ತರಿಸಿ ಎಂದರು. ಸಿನಿಮಾ ಚೌಕಟ್ಟು ಹಾಕಿದ್ದೇ 4:3 ಟಿವಿಗೆ. ಕತ್ತರಿಸಿದರೆ ಎತ್ತರದ ಕಾಲು ಭಾಗ ಹೋಗುತ್ತದೆ. ಫಿಲ್ಮ್ ಭಾಗದಲ್ಲಿ ಹಣೆ ಹೋಗುತ್ತದೆ, ವಿಆರ್ ಭಾಗದಲ್ಲಿ ಇರುವ 486 ಗೆರೆಯಲ್ಲಿ ಸುಮಾರು 365 ಉಳಿಯುತ್ತದೆ. ಈ ಒಂದು ಅಂಕಿಯೇ ಅವರನ್ನು ಒಪ್ಪಿಸಿತು. ಡಿಸ್ಕಿನಲ್ಲಿ ಚಿತ್ರ 1440×1080, ಎರಡೂ ಬದಿ ಕಪ್ಪು ಪಟ್ಟಿ. ಗ್ರಾಫಿಕ್ಸನ್ನು ದೊಡ್ಡದು ಮಾಡಲು ಎನ್‌ಎನ್‌ಇಡಿಐ3 ಎನ್ನುವ ಸಾಫ್ಟ್‌ವೇರ್ ಬಳಸಿದೆ. ಅದು ಅಂಚಿನ ದಿಕ್ಕು ನೋಡಿ ಗೆರೆ ತುಂಬುತ್ತದೆ, ಇಲ್ಲದ ವಿನ್ಯಾಸ ಕಲ್ಪಿಸುವುದಿಲ್ಲ. 4ಕೆ ಡಿಸ್ಕ್ ತರುವ ಯೋಚನೆಯನ್ನು ಅವರೇ ಕೈಬಿಟ್ಟರು. ಮೂರನೇ ಒಂದು ಭಾಗ 486 ಗೆರೆ ಇರುವ ಸಿನಿಮಾಗೆ ಅದು ಬರೀ ಡಬ್ಬಿಯ ಮೇಲಿನ ಅಕ್ಷರ.

ನಾಪತ್ತೆಯಾದ ಎರಡು ರೋಲಿನ ಶಾಟ್‌ಗಳನ್ನು ಟೇಪಿನಿಂದಲೇ ತಂದೆವು. ಅವಕ್ಕೆ ಮಾತ್ರ ಪಕ್ಕದ ಶಾಟಿನಿಂದ ಫಿಲ್ಮ್ ಗ್ರೇನ್ (ಫಿಲ್ಮಿನ ಸಣ್ಣ ಕಾಳುಕಾಳು) ತೆಗೆದು ಸ್ವಲ್ಪ ಹಾಕಿದೆ. ಹೊರಲೋಕದ ಸೀನಿನ ನಡುವೆ ದಿಢೀರನೆ ವಿಡಿಯೋ ಕಂಡರೆ ನೋಡುವವರು ಇದೂ ವಿಆರ್ ಇರಬೇಕು ಎಂದುಕೊಂಡಾರು. ವಿಆರ್ ಭಾಗಕ್ಕೆ ಒಂದು ಕಾಳು ಗ್ರೇನೂ ಹಾಕಲಿಲ್ಲ.

ಸದ್ದಿನ ಕೆಲಸ ಕಡಿಮೆ. ಸ್ಟೀರಿಯೋ ಮಿಕ್ಸ್ ಟೇಪಿನಲ್ಲೇ ಸರಿಯಾಗಿತ್ತು. ಸಂಗೀತ ಮಾತ್ರ ಬೇರೆ ಮೂಲದಿಂದ 23.976ರ ಬದಲು ಸರಿಯಾಗಿ 24ರ ವೇಗದಲ್ಲಿ ಬಂದಿತ್ತು. ಶೇಕಡಾ 0.1 ವ್ಯತ್ಯಾಸ ಎಂದು ಬಿಟ್ಟರೆ 90 ನಿಮಿಷದ ಕೊನೆಗೆ 5.4 ಸೆಕೆಂಡ್ ಹಿಂದೆ ಮುಂದೆ. ಅಷ್ಟನ್ನು ಎಳೆದು ಸರಿಮಾಡಿದೆವು. ಕೊನೆಯ ಹೆಸರುಗಳ ಪಟ್ಟಿಯನ್ನು ಅದೇ ಫಾಂಟ್ ಹುಡುಕಿ ಹೊಸದಾಗಿ ಹೊಂದಿಸಿದ್ದಾಯಿತು. ಮೂಲದಲ್ಲಿದ್ದ ಸ್ಪೆಲಿಂಗ್ ತಪ್ಪುಗಳನ್ನು ಹಾಗೇ ಇಟ್ಟಿದ್ದೇವೆ, ಒಬ್ಬ ಸ್ಟಂಟ್ ಕಲಾವಿದರ ಹೆಸರು ಎರಡು ಸಲ ಎರಡು ತರ ಬರುತ್ತದೆ.

ಚೆಕ್ ಮಾಡುವುದಕ್ಕೆ ಎಸ್‌ಪಿ ರೋಡಿನಿಂದ ತಂದ ಹಳೇ ಮಲ್ಟಿಸಿಸ್ಟಂ ಟಿವಿ ಒಂದನ್ನು ಇಟ್ಟುಕೊಂಡಿದ್ದೆ. ನಮ್ಮಲ್ಲಿ ದೂರದರ್ಶನದ ಕಾಲದಿಂದ ಪಾಲ್ ಪದ್ಧತಿ, ಎಲ್ಲ ಹಳೇ ಸೆಟ್ಟಿನಲ್ಲೂ ಎನ್‌ಟಿಎಸ್‌ಸಿ ಬಣ್ಣ ಬರುವುದಿಲ್ಲ, ಕೇಳಿ ತರಬೇಕು. ನಾವು ಬಿಡಿಸಿದ ಚಿತ್ರ ಮತ್ತು ಕಚ್ಚಾ ಸಿಗ್ನಲ್ ಎರಡನ್ನೂ ಅದರಲ್ಲಿ ಹಾಕಿ ನೋಡಿದರೆ ಯಾವುದು ಗ್ರಾಫಿಕ್ಸ್ ಮಾಡಿದವರ ಕೈಕೆಲಸ, ಯಾವುದು ಸಿಗ್ನಲ್ಲಿನ ಗಲೀಜು ಎನ್ನುವುದು ಬೇಗ ಗೊತ್ತಾಗುತ್ತಿತ್ತು.

ಕಂಪನಿಗೆ ಕಳಿಸಿದ ಡ್ರೈವಿನಲ್ಲಿ ಮುಗಿದ ಪ್ರೋರೆಸ್ (ಉತ್ತಮ ಗುಣಮಟ್ಟದ ವಿಡಿಯೋ ಫೈಲ್) ಮಾಸ್ಟರ್ ಜೊತೆ ಇನ್ನೊಂದು ಫೋಲ್ಡರ್ ಹಾಕಿದ್ದೇನೆ. ಅದರಲ್ಲಿ ಮುಟ್ಟದ ಕಾಂಪೋಸಿಟ್ ಫೈಲ್ ಇದೆ. ಕಾಮನಬಿಲ್ಲು ತೆಗೆದ ಗ್ರಾಫಿಕ್ಸ್ ಚಿತ್ರಗಳು ದೊಡ್ಡದು ಮಾಡದೆ, ಸೆಕೆಂಡಿಗೆ 15ರ ಲೆಕ್ಕದಲ್ಲಿ ಒಂದೊಂದಾಗಿ ಇವೆ. ಯಾವ ಶಾಟಿನಲ್ಲಿ ಜೋಡಿ ಎಲ್ಲಿಂದ ಶುರು ಎನ್ನುವ ಪಟ್ಟಿಯೂ ಇದೆ. ಅದನ್ನು ಕೇಳಿದವರು ಯಾರೂ ಇಲ್ಲ, ಬಿಲ್ಲಿನಲ್ಲೂ ಹಾಕಿಲ್ಲ. ಸದ್ಯಕ್ಕೆ ಉಳಿದಿರುವುದು ಕಾವಲುಗಾರನ ಒಂದು ಶಾಟ್. ಟೇಪಿನ ಎರಡೂ ಕಾಪಿಯಲ್ಲಿ ಒಂದೇ ಜಾಗದಲ್ಲಿ ಡ್ರಾಪ್‌ಔಟ್ ಇದೆ, ಅಂದರೆ ನಾಲ್ಕು ಗೆರೆಯಷ್ಟು ಚಿತ್ರ ಅಳಿಸಿಹೋಗಿದೆ. ವಿಎಚ್‌ಎಸ್ ಕ್ಯಾಸೆಟ್ ಎಲ್ಲಾದರೂ ಸಿಕ್ಕರೆ ಅಲ್ಲಿಂದ ಆ ನಾಲ್ಕು ಗೆರೆ ತರಬೇಕು ಎಂದು ಲಾಸ್ ಏಂಜಲೀಸಿನವರಿಗೆ ಹೇಳಿದ್ದೇನೆ, ಹುಡುಕುತ್ತಿದ್ದಾರೆ.